ಕಿತ್ತೂರು ಕೋಟೆಗೆ ಹೋದ ಹೋಳಿಗೆ ಗಂಟು

ಹೊರಗೆ ಗಾಳಿ-ಮಳೆ, ಒಳಗೆ ಹಂಚಿನ ಮೇಲೆ ಶೇಂಗಾ ಹೋಳಿಗೆ. ಆ ವಾಸನೆ ಬಂದದ್ದೇ ತಡ, ಆ ಹೆಂಗಸಿನ ಮುಖ ನೆನಪಾಗಿ ಮೈ ಉರಿಯಿತು.

ನಾನಾಗ ಸಣ್ಣವಳು. ಮನೆಗೆ ವರನ ಕಡೆಯವರು ಬಂದರೆ ನಮ್ಮೂರು ರಾಮದುರ್ಗಕ್ಕೆಲ್ಲ ಸುದ್ದಿಯಾಗುತ್ತದೆಂದು ಅಪ್ಪ ಅಕ್ಕನನ್ನು ತೋರಿಸಲು ಕಿತ್ತೂರು ಕೋಟೆಗೆ ಕರೆದೊಯ್ದಿದ್ದ; ವರನ ಕಡೆಯವರೂ ಅಲ್ಲಿಗೇ ಬಂದಿದ್ದರು. ಒಪ್ಪಿಗೆಯಾದರೆ ಬಾಯಿ ಸಿಹಿ ಮಾಡಲೆಂದು ಅವ್ವ ಹೋಳಿಗೆ ಗಂಟು ಕಟ್ಟಿಕೊಂಡಿದ್ದಳು. ಮ್ಯೂಸಿಯಂನ ಕತ್ತಿಗಳನ್ನೆಲ್ಲ ನೋಡಿ ವರಾಂಡಕ್ಕೆ ಬರುವಷ್ಟರಲ್ಲಿ ಬಿರುಮಳೆ ಹಿಡಿಯಿತು.

"ಒಂದೀಟು ನಡದ ತೋರಸವಾ," ಎಂದಳು ವರನ ತಾಯಿ. ಎರಚಲಿಗೆ ನೆನೆದ ಕಲ್ಲಿನ ಮೇಲೆ ಅಕ್ಕನ ಕಾಲು ಜಾರಿತು.

"ಕಾಲ ಎಳೀತಾಳ. ನಮಗ ಬ್ಯಾಡ್ರಿ."

ಅಪ್ಪ ತಲೆ ತಗ್ಗಿಸಿದ. ಮಳೆ ಮಾತ್ರ ಬಿಡಲಿಲ್ಲ; ಎರಡೂ ಕಡೆಯವರು ಅದೇ ವರಾಂಡದಲ್ಲಿ ಮುಖ ತಿರುಗಿಸಿಕೊಂಡು ಕೂತೆವು. ಹೊತ್ತು ಹೋದಂತೆ ವರನ ತಾಯಿಯ ಕಣ್ಣು ಗಂಟಿನ ಮೇಲೆ ಬಿತ್ತು.

"ಗಂಟ ಬಿಚ್ಚರಿ, ಹೊಟ್ಟಿ ಹಸದೈತಿ."

ಅವ್ವ ಬಿಚ್ಚಲು ಹೋದಳು. ಅಕ್ಕ ಕಸಿದುಕೊಂಡಳು.

"ಹೆಣ್ಣು ಬ್ಯಾಡ ಅಂದವರಿಗೆ ಹೆಣ್ಣಿನ ಮನಿ ಹೋಳಿಗಿ ಯಾಕ ಬೇಕ್ರಿ?"

ನನಗೊಂದು ಕೊಟ್ಟು, ತಾನೊಂದನ್ನು ಆಕೆಯೆದುರೇ ನಿಧಾನವಾಗಿ ತಿಂದಳು.

ನಾಳೆ ನನ್ನ ಮಗಳನ್ನು ನೋಡಲು ಬರುವವರು, "ಹುಡುಗಿ ನಡಿಗಿ ನೋಡಬೇಕ್ರಿ" ಎಂದು ಫೋನ್ ಮಾಡಿದ್ದಾರೆ. ಈ ಹೋಳಿಗೆ ಅವರಿಗೇ. ಬಡಿಸಲು ಅಕ್ಕನನ್ನು ಕರೆಸಿದ್ದೇನೆ.