ಅಗುಳಿಯ ಕೆಳಗಿನ ಗೂಟ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಜೋಗೇಶ್ವರಿಯಲ್ಲಿ ಮರದ ಪೆಟ್ಟಿಗೆ ಮಾಡುವ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಉಳಿದ ತುಂಡುಗಳಿಂದ ನಮ್ಮ ಚಾಳಿನವರಿಗೆ ಕೋಳಿಗೂಡಿನ ಬಾಗಿಲಿಗೆ, ಅಂಗಳದ ಗೇಟಿಗೆ ಅಗುಳಿ ಮಾಡಿಕೊಡುತ್ತಿದ್ದೆ. ಅದರಲ್ಲಿ ದೊಡ್ಡ ವಿದ್ಯೆಯೇನಿಲ್ಲ. ಗೇಣುದ್ದದ ಒಂದು ಪಟ್ಟಿ, ಅದನ್ನು ಚೌಕಟ್ಟಿಗೆ ಹಿಡಿಯಲು ಒಂದು ಮೊಳೆ. ಪಟ್ಟಿ ಬಾಗಿಲಿನ ಮೇಲೆ ಅಡ್ಡ ಬಂದರೆ ಮುಚ್ಚಿದಂತೆ, ನೆಟ್ಟಗೆ ನಿಂತರೆ ತೆರೆದಂತೆ. ಅಡ್ಡ ನಿಂತ ಪಟ್ಟಿ ಕೆಳಗೆ ಜಾರದಂತೆ ಬಾಗಿಲಿಗೆ ಒಂದು ಪುಟ್ಟ ಗೂಟ ಬಡಿಯಬೇಕು.

ಪಕ್ಕದ ಖೋಲಿಯಲ್ಲಿ ಬಿಜಾಪುರದ ಕಡೆಯ ಕುಟುಂಬವಿತ್ತು. ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಗಂಡನ ತಾಯಿ ಐದು ಕೋಳಿ ಸಾಕಿದ್ದರು. ಒಲೆ, ನೀರು ಬಿಟ್ಟರೆ ಆ ಮನೆಯಲ್ಲಿ ಅವರ ಪಾಲಿಗೆ ಉಳಿದಿದ್ದ ಕೆಲಸ ಅದೊಂದೇ. ಒಂದು ಮಳೆಗಾಲದಲ್ಲಿ ಅವರ ಗೂಡಿಗೆ ಅಗುಳಿ ಹಾಕಿದೆ. ಮರ ನೀರು ಕುಡಿದು ಉಬ್ಬಿತ್ತು. ಪಟ್ಟಿಯನ್ನು ಎಲ್ಲಿಗೆ ತಿರುಗಿಸಿದರೂ ಅಲ್ಲೇ ಬಿಗಿಯಾಗಿ ನಿಲ್ಲುತ್ತಿತ್ತು. ಒಣಗಿದ ಮೇಲೆ ಮೊಳೆಯ ತೂತು ಸಡಿಲವಾಗುತ್ತದೆಂದು ನನಗೆ ಗೊತ್ತಿತ್ತು. ಗೂಟ ಆಮೇಲೆ ಬಡಿದರಾಯಿತು ಎಂದುಕೊಂಡು ಮರೆತೆ.

ದಸರೆ ಕಳೆದು ಬಿಸಿಲೇರಿತು. ಒಂದು ಬೆಳಿಗ್ಗೆ ಗೂಡಿನ ಬಾಗಿಲು ತೆರೆದಿತ್ತು, ಒಳಗೆ ಪುಕ್ಕ ಮಾತ್ರ. ಬೆಕ್ಕು ನುಗ್ಗಿತ್ತು. ನಾನು ಹೋಗುವಷ್ಟರಲ್ಲಿ ಸೊಸೆ ಶುರು ಮಾಡಿದ್ದಳು.

“ಅತ್ತೀ, ನಿನ್ನೆ ಅಗಳಿ ಹಾಕಿದ್ರೋ ಇಲ್ಲೋ?”

“ಹಾಕೀನವ್ವಾ. ಈ ಕೈಲೇ ತಿರುವೀನಿ.”

“ಹಂಗಾರ ಬೆಕ್ಕು ಕೀಲಿಕೈ ತಂದಿತ್ತೇನು? ಮೊನ್ನೆ ಹಾಲು ಉಕ್ಕಿಸಿದ್ರಿ, ಇವತ್ತ ಕೋಳಿ. ನಾಳೆ ಮನಿ ಬಾಗಲಾನೂ ತೆರದಿಟ್ಟು ಮಲಗ್ತೀರಿ.”

ನಾನು ಪಟ್ಟಿಯನ್ನು ಅಡ್ಡ ಇಟ್ಟು ಕೈ ಬಿಟ್ಟೆ. ಅದು ನಿಧಾನವಾಗಿ ತಾನೇ ಕೆಳಗೆ ಜಾರಿ ನೆಟ್ಟಗಾಯಿತು. ಅವರಿಬ್ಬರೂ ಇತ್ತ ನೋಡುತ್ತಿರಲಿಲ್ಲ. ಚಾಳಿನಲ್ಲಿ ನನ್ನ ಕೈಕೆಲಸಕ್ಕೆ ಒಂದು ಹೆಸರಿತ್ತು. ನಾನು ಬಾಯಿ ಬಿಡಲಿಲ್ಲ.

ಸಂಜೆ ಅಜ್ಜಿ ನಲ್ಲಿಗೆ ಹೋದಾಗ ಗೂಟ ಬಡಿದೆ. ಹೊಸದೆಂದು ಕಾಣದಿರಲಿ ಎಂದು ಅದಕ್ಕೆ ಬೂದಿ ಒರೆಸಿದೆ. ಅವರು ಬಂದು ಅದನ್ನು ಬೆರಳಿನಿಂದ ಸವರಿದರು.

“ತಮ್ಮಾ, ಈ ಗೂಟ ಮೊದಲ ಇತ್ತೇನು?”

“ಇತ್ತಲ್ಲ ಅಜ್ಜಿ. ಮೊದಲಿಂದಲೂ ಇದೆ.”

“ನನಗ ನೆಪ್ಪ ಇಲ್ಲ ನೋಡು.”

ಸೊಸೆ ಮತ್ತೆ ಮೂರು ಮರಿ ತಂದಳು. ಗೂಡು ಮುಚ್ಚುವ ಕೆಲಸವನ್ನು ಮಾತ್ರ ತಾನೇ ಇಟ್ಟುಕೊಂಡಳು. ಅಜ್ಜಿ, ತಾನು ಒಲೆ ಆರಿಸಿದ್ದೇನೆಯೋ ಇಲ್ಲವೋ ಎಂದು ಅಕ್ಕಪಕ್ಕದವರನ್ನು ಕರೆದು ಕೇಳತೊಡಗಿದರು. ನನ್ನನ್ನೂ ಕೇಳುತ್ತಿದ್ದರು. ನಾನು ಹೋಗಿ ನೋಡಿ, “ಆರಿದೆ ಅಜ್ಜಿ” ಎನ್ನುತ್ತಿದ್ದೆ. ಪ್ರತಿ ಸಲವೂ ಒಲೆ ಆರಿಯೇ ಇರುತ್ತಿತ್ತು.

ಅದಾದ ಮೇಲೂ ಎರಡು ವರ್ಷ ನಾವು ಒಂದೇ ಗೋಡೆಯ ಆಚೆ ಈಚೆ ಇದ್ದೆವು. ಹೇಳಬಹುದಿತ್ತು. ಹೇಳುವ ಮೊದಲೇ ಅವರು ತೀರಿಕೊಂಡರು. ಕೋಳಿ ಹೋದ ಆ ರಾತ್ರಿ ಅವರು ಅಗುಳಿ ಹಾಕಿದ್ದರು.