ಉತ್ತರ ಸರಿ, ಅಂಕ ಒಂಬತ್ತು

ಹತ್ತು ಲೆಕ್ಕಗಳಲ್ಲಿ ಒಂಬತ್ತರ ಉತ್ತರ ಸರಿ. ಅಂಕ ಮಾತ್ರ ಐವತ್ತಕ್ಕೆ ಒಂಬತ್ತು. ೧೯೬೦ರ ಜುಲೈ ೧೮, ಸೋಮವಾರ. ದಾಂಡೇಲಿಯ ಹೈಸ್ಕೂಲಿಗೆ ಬಂದು ನಲವತ್ತೊಂದನೆಯ ದಿನ.

"ಉತ್ತರ ಮುಗಲಿನಿಂದ ಉದುರ್ಯಾವೇನಬೇ? ಯಾರದ ನೋಡಿ ಬರದಿ?" ಎಂದರು ಗಣಿತದ ಮಾಸ್ತರರು.

"ಬಾಯಿಲೆ ಮಾಡೇನ್ರಿ."

ವರ್ಗವೆಲ್ಲ ನಕ್ಕಿತು.

ನಮ್ಮ ಸಾಂಬ್ರಾಣಿಯ ಶಾಲೆಯಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ದಿನಾಲೂ ಒದರಿಸುತ್ತಿದ್ದರು. ಪಾಟಿಯ ಮೇಲೆ ಗೀಚಿದವರು ದಡ್ಡರು. ಬೆರಳು ಅಲ್ಲಾಡಿಸಿದರೂ ಪೆಟ್ಟು. ಇಲ್ಲಿ ಗೀಚದವರು ಕಳ್ಳರು. ಉತ್ತರಕ್ಕೆ ಒಂದು ಅಂಕ, ಗೀಚಿದ್ದಕ್ಕೆ ನಾಲ್ಕು.

ನಾನಿದ್ದದ್ದು ಚಿಗವ್ವನ ಮನೆಯಲ್ಲಿ. ಕಾಗದದ ಗಿರಣಿಯ ನಾತ ಅನ್ನಕ್ಕೂ ಹತ್ತುತ್ತಿತ್ತು. ಇಪ್ಪತ್ತಾರನೆಯ ದಿನಕ್ಕೆ ಅದು ಗೊತ್ತಾಗದಂತಾಯಿತು. ಆದರೆ ಬಸ್ಸು ಹತ್ತಿಸುವಾಗ ಅಪ್ಪ ಹೇಳಿದ್ದು ಮಾತ್ರ ಮರೆಯಲಿಲ್ಲ: "ಆರು ತಿಂಗಳ ಪರೀಕ್ಷೆಯಾಗ ನಪಾಸಾದ್ರ ತಿರುಗಿ ಬಂದ್ಬಿಡವ್ವಾ. ಕೈಯಾಗ ಕುಡಗೋಲರ ಹಿಡೀಲಿಕ್ಕೆ ಬರ್ತದ." ಪಾಸಾಗಲು ಹದಿನೆಂಟು ಬೇಕು.

ಪಕ್ಕದಲ್ಲಿ ಕೂರುತ್ತಿದ್ದ ಜೈನಬಿ, ಮೋಟಾರು ಮೇಸ್ತ್ರಿಯ ಮಗಳು, ತನ್ನ ವಹಿಯನ್ನು ನನ್ನ ಕಡೆ ಸರಿಸಿದಳು. "ನಿನ್ನ ತಲಿಯೊಳಗ ಇಣುಕಿ ನೋಡಾಕ ಅವರೇನು ಡಾಕ್ಟರರೇನ? ಒಂದೊಂದ ಮೆಟ್ಟಿಲಾ ಬರಿ. ಗೊತ್ತಿದ್ರೂ ಗೊತ್ತಿಲ್ದವ್ರಂಗ ಬರಿ."

ಹಾಗೇ ಬರೆದೆ. ಮೊದಲು ಉತ್ತರ ತಿಳಿಯುತ್ತಿತ್ತು, ಆಮೇಲೆ ಅದಕ್ಕೆ ಮೆಟ್ಟಿಲು ಕಟ್ಟುತ್ತಿದ್ದೆ. ಆಗಸ್ಟಿನಲ್ಲಿ ಹದಿನಾಲ್ಕು. ಸಪ್ಟೆಂಬರಿನಲ್ಲಿ ಹದಿನೇಳು. ಅಕ್ಟೋಬರಿನ ಆರು ತಿಂಗಳ ಪರೀಕ್ಷೆಯಲ್ಲಿ ಮೂವತ್ತೊಂದು. "ಈಗ ನೋಡು, ಶಾಣ್ಯಾಕಿ ಆದಿ," ಎಂದರು ಮಾಸ್ತರರು. ಇದೇ ಲೆಕ್ಕಗಳು ನನಗೆ ಜೂನ್‌ನಲ್ಲೂ ಬರುತ್ತಿದ್ದವು.

ಡಿಸೆಂಬರ್ ೪, ಭಾನುವಾರ. ಊರಿಗೆ ಹೋದಾಗ ಕಣದಲ್ಲಿ ಭತ್ತ ತುಂಬುತ್ತಿದ್ದರು. ಅಪ್ಪ ಎಲ್ಲರೆದುರು ಕೂಗಿದ: "ಹದಿನೇಳು ಚೀಲ. ಒಂದಕ್ಕ ಎರಡೂ ಮುಕ್ಕಾಲು ಮಣ. ಎಷ್ಟಾತವ್ವಾ?"

ಮೊದಲು ಇಂಥದಕ್ಕೆ ಅವನ ಮಾತು ಮುಗಿಯುವುದರೊಳಗೆ ಉತ್ತರ ಕೊಡುತ್ತಿದ್ದೆ. ಅಂದು ತಲೆಯಲ್ಲಿ ಮೆಟ್ಟಿಲುಗಳೇ ಬಂದವು. ನನ್ನ ಕೈ ಜಂಪರಿನ ಕಿಸೆಯಲ್ಲಿ ಪೆನ್ಸಿಲು ಹುಡುಕುತ್ತಿತ್ತು.

"ನಲವತ್ತಾರೂ ಮುಕ್ಕಾಲು!" ನಾಲ್ಕನೆಯ ಇಯತ್ತೆಯಲ್ಲಿದ್ದ ತಂಗಿ ಶಾಂತವ್ವ ಚೀಲದ ಮೇಲಿಂದ ಕೂಗಿದಳು.

"ಹೈಸ್ಕೂಲಿನಾಕಿಗೆ ಯಾರರೆ ಕಾಗದ ಕೊಡ್ರೋ," ಎಂದ ಅಪ್ಪ. ಕಣವೆಲ್ಲ ನಕ್ಕಿತು. ಜುಲೈಯಲ್ಲಿ ವರ್ಗ ನಕ್ಕಂತೆಯೇ.

ಸಂಜೆಯ ಬಸ್ಸಿಗೆ ದಾಂಡೇಲಿಗೆ ಮರಳಿದೆ. ದಿನಚರಿಯಲ್ಲಿ ಆ ಲೆಕ್ಕವನ್ನು ನಾಲ್ಕು ಮೆಟ್ಟಿಲಲ್ಲಿ ಬರೆದು, ಕೆಳಗೆ ಗೆರೆ ಎಳೆದು ಬರೆದೆ: ಉತ್ತರ ಸರಿ. ಹೇಳಿದ್ದು ನಾನಲ್ಲ.