ಬಾಗಿಲಲ್ಲಿ ಉಳಿದ ಬಿಲ್ಲೆ

ವೆರೋನಾ ಹ್ರಿವ್‌ನಾಕ್‌ಗೆ ಗಂಡನ ಪಿಂಚಣಿ ಇನ್ನೂ ಬರಬೇಕು. ಯುದ್ಧ ಮುಗಿದು ಇದು ಮೂರನೇ ಚಳಿಗಾಲ. ರಣರಂಗದಲ್ಲಿ ಅಪ್ಪಣೆಯಿಲ್ಲದೆ ತನ್ನ ಜಾಗ ಬಿಟ್ಟು ಹೋದವನಿಗೆ ಪಿಂಚಣಿಯಿಲ್ಲ ಎನ್ನುತ್ತದೆ ಕಚೇರಿ. ಆ ಜಾಗ ಹೇಗಿತ್ತೆಂದು ಅವರಿಗೆ ಗೊತ್ತಿಲ್ಲ. ಅಲ್ಲೇ ಇದ್ದ ನನಗೂ ಪೂರ್ತಿ ಗೊತ್ತಿಲ್ಲ.

ಅವಳ ಗಂಡ ಒಂಡ್ರೆಯನ್ನು ನೀವು ಬಲ್ಲಿರಿ. ಪೆನ್ಸಿಲ್ವೇನಿಯದ ನಮ್ಮ ಇದೇ ಗಣಿಯಲ್ಲಿ ಕಲ್ಲಿದ್ದಲು ಕಡಿದವನು, ಮುಷ್ಕರದಲ್ಲಿ ಗೇಟಿನ ಮುಂದೆ ಬಡಿಗೆಯೇಟು ತಿಂದವನು. ಸೈನ್ಯ ಅವನನ್ನು ಸಾರ್ಜೆಂಟ್ ಮಾಡಿ ಬೆಲ್ಜಿಯಂನ ಆರ್ಡೆನ್ ಕಾಡಿಗೆ ಕಳಿಸಿತು. ಅವನು ಗಣಿಯ ಕಟ್ಟಳೆಯನ್ನೂ ಜೊತೆಗೆ ತಂದ. ಗಣಿಗಿಳಿಯುವಾಗ ನಮ್ಮ ಹಿತ್ತಾಳೆ ಬಿಲ್ಲೆಯನ್ನು ಹಲಗೆಗೆ ತಗುಲಿಹಾಕುತ್ತೇವೆ, ಮೇಲೆ ಬಂದಾಗ ತೆಗೆದುಕೊಳ್ಳುತ್ತೇವೆ. ಬಿಲ್ಲೆ ಹಲಗೆಯಲ್ಲಿದ್ದರೆ ಆಳು ಒಳಗಿದ್ದಾನೆ. ಒಂಡ್ರೆ ಊಟದ ಡಬ್ಬಿಯ ಮುಚ್ಚಳಗಳ ಮೇಲೆ ನಮ್ಮ ತುಕಡಿಯವರ ಹೆಸರು ಗೀಚಿ, ಒಂದು ಕೊಟ್ಟಿಗೆಯ ಬಾಗಿಲಿಗೆ ಮೊಳೆ ಹೊಡೆದ. ಹಿಮದಲ್ಲಿ ತೋಡಿದ ಗುಂಡಿಗೆ ಕಾವಲು ಹೋಗುವಾಗ ತಗುಲಿಹಾಕು, ಬಂದಾಗ ತೆಗೆ.

ಬೂಟಿನೊಳಗೇ ಹೆಪ್ಪುಗಟ್ಟಿ ಕಾಲು ಕಪ್ಪಾಗುತ್ತಿತ್ತು. ಒಂಡ್ರೆ ಗುಂಡಿಯಿಂದ ಗುಂಡಿಗೆ ತೆವಳಿ ಬಂದು, ಬೂಟು ಬಿಚ್ಚಿಸಿ, ನಮ್ಮ ಪಾದಗಳನ್ನು ತನ್ನ ಕೋಟಿನೊಳಗೆ ಹೊಟ್ಟೆಗೆ ಒತ್ತಿಕೊಳ್ಳುತ್ತಿದ್ದ.

"ಹೆಂಡ್ತಿ ಕಾಲನ್ನೂ ಹಿಂಗೆ ಹಿಡ್ದಿಲ್ಲ ಕಣೋ. ನೆಟ್ಟಗೆ ಚಾಚು."

"ಅದ್ಕೇ ಅವ್ಳು ನಿಂಗೆ ಕಾಗ್ದ ಬರಿಯಲ್ಲ," ಎಂದ ನಮ್ಮೂರಿನ ಡೆನ್ನಿ ಗ್ಯಾಫ್ನಿ. ಅವನ ಕಾಲೇ ಎಲ್ಲರಿಗಿಂತ ಕೆಟ್ಟಿತ್ತು.

ಒಂದು ಮಧ್ಯಾಹ್ನ ಎಲ್ಲ ಕಡೆಯಿಂದಲೂ ಗುಂಡು ಬಂತು. ನಮ್ಮ ತೋಪೋ ಅವರದೋ ತಿಳಿಯಲಿಲ್ಲ. ಮಂಜಿನಲ್ಲಿ ಕಂಡ ಬಿಳಿ ಹೊದಿಕೆಯವರು ಜರ್ಮನ್ನರೋ ನಮ್ಮವರೋ ತಿಳಿಯಲಿಲ್ಲ. ಹಿಂದೆ ಸರಿಯಿರಿ ಎಂದು ಯಾರೋ ಕೂಗಿದರು. ಹಿಂದೆ ಎಂದರೆ ಯಾವ ಕಡೆ? ಕೊಟ್ಟಿಗೆಗೆ ಓಡಿಬಂದು ನಮ್ಮ ನಮ್ಮ ಮುಚ್ಚಳ ಕಿತ್ತುಕೊಂಡೆವು. ಒಂದು ಉಳಿಯಿತು. ಗ್ಯಾಫ್ನಿಯದು.

"ಎಲ್ರೂ ಬಂದಾಯ್ತು, ನಡೀರಿ," ಎಂದ ಲೆಫ್ಟಿನೆಂಟ್ ಪ್ರೆಸ್ಕಾಟ್.

"ಬಿಲ್ಲೆ ಐತೆ ಸಾರ್. ಆಳು ಒಳಗವ್ನೆ," ಎಂದ ಒಂಡ್ರೆ.

"ಅದು ಡಬ್ಬಿ ಮುಚ್ಳ ಕಣಯ್ಯಾ!"

"ನಿಮ್ಗೆ ಮುಚ್ಳ ಸಾರ್. ನೀವು ಇವ್ರನ್ನ ಕರ್ಕೊಂಡ್ ನಡೀರಿ. ನಾನು ಅವ್ನನ್ನ ಹೊತ್ಕೊಂಡ್ ಬತ್ತೀನಿ."

ತನ್ನ ಮುಚ್ಚಳವನ್ನು ಮತ್ತೆ ಮೊಳೆಗೆ ಹಾಕಿ ಮಂಜಿನೊಳಗೆ ಹೋದ. ಪ್ರೆಸ್ಕಾಟ್ ತಲೆಯಾಡಿಸಿದ್ದು ಒಪ್ಪಿಗೆಗೋ, ಬೇಡವೆಂದೋ? ನನಗೆ ಒಪ್ಪಿಗೆಯಂತೆ ಕಂಡಿತು, ಪಕ್ಕದಲ್ಲಿದ್ದವನು ಅಲ್ಲವೆನ್ನುತ್ತಾನೆ. ಪ್ರೆಸ್ಕಾಟ್ ಅದೇ ಸಂಜೆ ಸತ್ತ. ಒಂಡ್ರೆ ಹಿಂದಿರುಗಲಿಲ್ಲ, ಹೆಣವೂ ಸಿಗಲಿಲ್ಲ.

ಗ್ಯಾಫ್ನಿ ಆ ಗುಂಡಿಯಲ್ಲಿ ಇರಲೇ ಇಲ್ಲ. ಗಾಯಾಳುಗಳನ್ನು ಹೊರುವವರು ಬೆಳಿಗ್ಗೆಯೇ ಅವನನ್ನು ಗುಂಡಿಯಿಂದ ನೇರ ಆಸ್ಪತ್ರೆಗೆ ಸಾಗಿಸಿದ್ದರು. ಅವರು ಗಣಿ ಕಂಡವರಲ್ಲ; ಬಾಗಿಲ ಮೇಲಿನ ಬಿಲ್ಲೆ ತೆಗೆಯಬೇಕೆಂದು ಅವರಿಗೇನು ಗೊತ್ತು?

ಈಗ ಊರುಗೋಲಿನಲ್ಲಿ ಓಡಾಡುವ ಗ್ಯಾಫ್ನಿ ನನ್ನನ್ನು ಕೇಳುತ್ತಾನೆ: "ಇಲ್ದೋನನ್ನ ಹುಡುಕ್ಕೊಂಡ್ ಹೋದ್ನಲ್ಲಾ, ಇದ್ಕೆ ಏನಂತಾರೋ?"

ದಡ್ಡತನವೋ, ನಾಯಕತನವೋ, ನನಗೆ ಇಂದಿಗೂ ತಿಳಿಯದು. ಓಡಿಹೋಗುವವನು ತನ್ನ ಬಿಲ್ಲೆ ತಗುಲಿಹಾಕಿ, ಗುಂಡು ಬರುವ ಕಡೆಗೇ ಓಡುವುದಿಲ್ಲ. ಅಷ್ಟು ಬಲ್ಲೆ.

ನೀವು ಮೇಲೆ ಬರದಿದ್ದರೆ ಯಾರಾದರೂ ಹುಡುಕಿಕೊಂಡು ಇಳಿಯುತ್ತಾರೆಂದು ನಂಬಿಯೇ ದಿನಾ ಗಣಿಗಿಳಿಯುತ್ತೀರಿ. ನಾಳೆ ಪಾಳಿ ಮುಗಿದ ಮೇಲೆ ಬಿಲ್ಲೆಯನ್ನು ಜೇಬಿಗಿಳಿಸಿ ಮನೆಗೆ ಹೋಗಬೇಡಿ. ಪಿಂಚಣಿ ಕಚೇರಿಗೆ ತನ್ನಿ. ಮೊಳೆ ನಾನು ತರುತ್ತೇನೆ. ಅವರ ಬಾಗಿಲಿಗೇ ಹೊಡೆದು ತಗುಲಿಹಾಕೋಣ. ವೆರೋನಾಳಿಗೆ ಸಲ್ಲಬೇಕಾದ್ದು ಸಲ್ಲುವವರೆಗೆ ಒಬ್ಬನೂ ಬಿಲ್ಲೆ ಕೀಳಕೂಡದು, ಗಣಿಗಿಳಿಯಕೂಡದು.

ಬರುತ್ತೀರೋ, ಇಲ್ಲವೋ?